ಮಾಂಸದ ಬೆಲೆ ಇಳಿಸಿದ ವಠಾರದ ಹೆಂಗಸರು: ನ್ಯೂಯಾರ್ಕ್, 1902

ಯಹೂದಿ ಮಹಿಳೆಯರ ಹೋರಾಟ ಅಂದರೆ ನಾವು ಸಾಮಾನ್ಯವಾಗಿ 1909ರ ಬಟ್ಟೆ ಕಾರ್ಖಾನೆ ಮುಷ್ಕರದಿಂದ ಓದಲು ಶುರು ಮಾಡುತ್ತೇವೆ. ಅದಕ್ಕೂ ಏಳು ವರ್ಷ ಹಿಂದಿನ ಈ ಮೂರು ವಾರಗಳನ್ನು ಮೊದಲು ಓದಿಕೊಳ್ಳಿ. ಇಲ್ಲಿ ಕಾರ್ಖಾನೆ ಇಲ್ಲ, ಯೂನಿಯನ್ ಇಲ್ಲ. ಇರುವುದು ಅಡುಗೆಮನೆ, ಬೀದಿ, ಅಕ್ಕಪಕ್ಕದ ಮನೆಯವರು ಅಷ್ಟೇ.

ಜಾಗ ನ್ಯೂಯಾರ್ಕ್‌ನ ಲೋವರ್ ಈಸ್ಟ್ ಸೈಡ್. ಪೂರ್ವ ಯುರೋಪಿನಿಂದ ಬಂದ ಬಡ ಯಹೂದಿಗಳು ಅಲ್ಲಿನ ಇಕ್ಕಟ್ಟಾದ ವಠಾರಗಳಲ್ಲಿ ತುಂಬಿದ್ದರು. 1902ರಲ್ಲಿ ಕೋಷರ್ ಮಾಂಸದ ಬೆಲೆ ಪೌಂಡಿಗೆ 12 ಸೆಂಟ್‌ನಿಂದ 18 ಸೆಂಟ್‌ಗೆ ಏರಿತು. ಬೇರೆ ಅಂಗಡಿಗೆ ಹೋಗಬಹುದಿತ್ತು ಅಲ್ವಾ ಅನ್ನಿಸಬಹುದು. ಆಗುತ್ತಿರಲಿಲ್ಲ. ಕೋಷರ್ ಅಂದರೆ ಯಹೂದಿ ಧರ್ಮದ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಆ ನಿಯಮ ಕಲಿತವರೇ ಪ್ರಾಣಿಯನ್ನು ಕೊಯ್ದಿರಬೇಕು. ಬೆಲೆ ಎಷ್ಟೇ ಇರಲಿ, ಕೋಷರ್ ಅಂಗಡಿಯಲ್ಲೇ ಕೊಳ್ಳಬೇಕು. ಈ ಅಂಶ ಬಿಟ್ಟರೆ ಅವರ ಸಿಟ್ಟು ಅರ್ಥವಾಗುವುದಿಲ್ಲ.

ಬೆಲೆ ಏರಿಸಿದ್ದು ದೊಡ್ಡ ಸಗಟು ಮಾಂಸ ಕಂಪನಿಗಳ ಕೂಟ. ಮೊದಲು ಚಿಲ್ಲರೆ ಅಂಗಡಿಯವರೇ ಅವರಿಂದ ಮಾಂಸ ಕೊಳ್ಳುವುದನ್ನು ಕೆಲವು ದಿನ ನಿಲ್ಲಿಸಿದರು. ಬೆಲೆ ಇಳಿಯಲಿಲ್ಲ. ಆಗ ಫ್ಯಾನಿ ಲೆವಿ ಎಂಬ ಗೃಹಿಣಿ, ಗಂಡಸರ ಮುಷ್ಕರ ನೋಡಿದ್ದಾಯಿತು, ಹೆಂಗಸರು ಮಾಡಿದರೆ ಅದು ಮುಷ್ಕರ ಎಂಬರ್ಥದ ಮಾತಾಡಿದಳು. ಅವಳ ಗಂಡ ಹೊಲಿಗೆ ಕೆಲಸದ ಯೂನಿಯನ್ ಸದಸ್ಯ. ಮುಷ್ಕರ ಅಂದರೆ ಏನು ಅಂತ ಮನೆಯಲ್ಲೇ ನೋಡಿದ್ದಳು. ಅವಳೂ ಸಾರಾ ಎಡೆಲ್ಸನ್ ಎಂಬಾಕೆಯೂ ಮನೆ ಮನೆ ತಿರುಗಿ, ಮಾಂಸ ಕೊಳ್ಳಬೇಡಿ ಅಂತ ಹೇಳಿ ಜನ ಸೇರಿಸಿದರು.

ಮೇ 15ರಂದು ಸಾವಿರಾರು ಹೆಂಗಸರು ಬೀದಿಗಿಳಿದರು. ಅಂಗಡಿಗಳಿಂದ ಮಾಂಸ ಹೊರಗೆಸೆದರು. ಕೊಂಡವರ ಕೈಯಿಂದಲೂ ಕಿತ್ತುಕೊಂಡರು. ಸುಮಾರು 85 ಜನರ ಬಂಧನವಾಯಿತು, ಬಹುಪಾಲು ಹೆಂಗಸರೇ. ಈ ಹಿಂಸೆಯನ್ನು ನಾವು ಮುಚ್ಚಿಡಬೇಕಿಲ್ಲ. ಆದರೆ ಬರೀ ದೊಂಬಿ ಅಂತ ಬರೆದು ಮುಂದೆ ಹೋಗುವುದು ತಪ್ಪು. ನ್ಯಾಯಾಧೀಶರ ಮುಂದೆ ಒಬ್ಬಾಕೆ ಹೇಳಿದ್ದು ಇಷ್ಟು: ಮಕ್ಕಳು ಬಡಕಲಾಗುತ್ತಿರುವುದು ನಮಗೆ ಕಾಣುತ್ತಿದೆ, ಮನೆಯಲ್ಲಿ ಕೂತು ಅತ್ತರೆ ಯಾರೂ ತಿರುಗಿ ನೋಡುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮುಂದಿನ ಶನಿವಾರ, ಮೇ 17ರಂದು ನಡೆದದ್ದು. ಶನಿವಾರ ಅವರ ಸಬ್ಬತ್, ಕೆಲಸ ಮಾಡದ ಪವಿತ್ರ ದಿನ. ಹೆಂಗಸರು ಸಿನಗಾಗ್‌ಗಳಿಗೆ, ಅಂದರೆ ಪ್ರಾರ್ಥನಾ ಮಂದಿರಗಳಿಗೆ ಹೋಗಿ, ಅವರ ಧರ್ಮಗ್ರಂಥವಾದ ತೋರಾ ಓದುವಾಗಲೇ ಎದ್ದು ಮಾತಾಡಿದರು. ಹೆಂಡತಿಯರಿಗೆ ಮಾಂಸ ಕೊಳ್ಳಬೇಡಿ ಅಂತ ಹೇಳಿ ಎಂದು ಗಂಡಸರನ್ನು ಕೇಳಿದರು. ಇದು ಸುಮ್ನೆ ನುಗ್ಗಿದ್ದಲ್ಲ. ಅನ್ಯಾಯವಾದವರು ಓದನ್ನು ತಡೆದು ನ್ಯಾಯ ಕೇಳಬಹುದು ಎಂಬ ಹಳೆಯ ಪದ್ಧತಿ ಯಹೂದಿ ಸಮುದಾಯದಲ್ಲಿತ್ತು. ಅದನ್ನೇ ಇವರು ಬಳಸಿದರು. ಇದು ಅಪಚಾರ ಎಂದು ಒಬ್ಬ ಆಕ್ಷೇಪಿಸಿದಾಗ, ತೋರಾ ನನ್ನನ್ನು ಕ್ಷಮಿಸುತ್ತದೆ ಅಂದಳು ಒಬ್ಬಳು.

ಬೀದಿಯಲ್ಲೂ ಅದೇ ಧರ್ಮದ ಮಾತು. ಮಾಂಸ ಒಯ್ಯುತ್ತಿದ್ದ ಹೆಂಗಸೊಬ್ಬಳು ಗಂಡನಿಗೆ ಹುಷಾರಿಲ್ಲ ಅಂದಳು. ಹಾಗಾದರೆ ಕೋಷರ್ ಅಲ್ಲದ್ದನ್ನೂ ತಿನ್ನಬಹುದು ಬಿಡು, ಎಂದು ಇನ್ನೊಬ್ಬಳ ಉತ್ತರ. ರೋಗಿಯ ಜೀವ ಉಳಿಸಲು ಆಹಾರ ನಿಯಮ ಸಡಿಲಿಸಬಹುದು ಎಂದು ಶಾಸ್ತ್ರವೇ ಹೇಳುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು.

ಜೂನ್ 5ರ ಹೊತ್ತಿಗೆ ಬೆಲೆ 14 ಸೆಂಟ್‌ಗೆ ಇಳಿಯಿತು, ಬಹಿಷ್ಕಾರ ಮುಗಿಯಿತು. ಹಳೆಯ 12 ಸೆಂಟ್‌ಗೆ ಬರಲಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ. ನ್ಯೂಯಾರ್ಕ್ ರಾಜ್ಯದಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1917ರಲ್ಲಿ. ಅಂದರೆ ಇದೆಲ್ಲ ನಡೆದದ್ದು ಮತವಿಲ್ಲದೆ, ಮಾಂಸ ಕೊಳ್ಳುವುದಿಲ್ಲ ಎಂಬ ಒಂದೇ ಹಟದಿಂದ. 1904ರಲ್ಲಿ ವಠಾರದ ಬಾಡಿಗೆ ಏರಿದಾಗ ಅದೇ ಬೀದಿಗಳಲ್ಲಿ ಮತ್ತೆ ಮುಷ್ಕರ ನಡೆಯಿತು. ಮನೆ ಮನೆ ತಿರುಗುವ ದಾರಿ ಆ ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು.