ಪಾಪೆ ದೊಡ್ಡದಾದರೆ ಸಾಲದು

"ಸರ್ರ, ಒಂದ ಸಲ ಹಚ್ಚಿದ್ದಕ್ಕ ಪಾಪಿ ಎಷ್ಟ ದೊಡ್ಡದಾಗೇತಿ ನೋಡ್ರಿ. ಇವತ್ತ ನಂಬರ್ ತಗದಬಿಡ್ರಿ."

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕನ್ನಡಕದ ನಂಬರ್ ನೋಡುವ ಮೊದಲು ಮಗುವಿನ ಕಣ್ಣಿಗೆ ಅಟ್ರೋಪಿನ್ ಮುಲಾಮು ಮೂರು ದಿನ ಹಚ್ಚಿ, ನಾಲ್ಕನೇ ದಿನ ಬನ್ನಿ ಅಂತ ಹೇಳಿರುತ್ತೇನೆ. ಮರುದಿನವೇ ಬಂದಿರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ವಾಪಸ್ ಕಳಿಸಲು ಸಂಕಟವಾಗುತ್ತದೆ. ಆದರೂ ಕಳಿಸುತ್ತೇನೆ.

ಪಾಪೆ ದೊಡ್ಡದಾಗಲಿ ಅಂತ ಮಾತ್ರ ಈ ಮುಲಾಮು ಕೊಡುವುದಿಲ್ಲ. ನನಗೆ ಬೇಕಾದದ್ದು ಒಳಗಿನ ಇನ್ನೊಂದು ಸ್ನಾಯು, ಸಿಲಿಯರಿ ಸ್ನಾಯು. ಹತ್ತಿರದ್ದನ್ನು ನೋಡುವಾಗ ಅದು ಬಿಗಿಯಾಗುತ್ತದೆ, ಕಣ್ಣಿನ ಮಸೂರ ಉಬ್ಬುತ್ತದೆ. ಮಕ್ಕಳಲ್ಲಿ ಇದರ ಶಕ್ತಿ ಜಾಸ್ತಿ. ಪ್ಲಸ್ ನಂಬರ್ ಇದ್ದರೂ ಮಸೂರ ಉಬ್ಬಿಸಿ ಮುಚ್ಚಿಟ್ಟುಕೊಳ್ಳುತ್ತವೆ. ಆ ಬಿಗಿ ಪೂರ್ತಿ ಬಿಡುವ ಮೊದಲೇ ನೋಡಿದರೆ ನಂಬರ್ ಕಡಿಮೆ ಸಿಗುತ್ತದೆ.

ಸ್ನಾಯು ಬಿಗಿಯಾಗಲು ನರದ ತುದಿಯಿಂದ ಬಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿನ ಮೇಲೆ ತನ್ನ ಜಾಗದಲ್ಲಿ ಕೂರಬೇಕು. ಅಟ್ರೋಪಿನ್ ಆ ಜಾಗ ಹಿಡಿದುಬಿಡುತ್ತದೆ, ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ. ಪಾಪೆಯ ಸ್ನಾಯು ಒಂದು ತಾಸಿನೊಳಗೆ ಸಡಿಲಾಗುತ್ತದೆ. ಸಿಲಿಯರಿ ಸ್ನಾಯು ಅಷ್ಟು ಬೇಗ ಬಗ್ಗುವುದಿಲ್ಲ. ಮತ್ತೆ ಮತ್ತೆ ಹಚ್ಚಲೇಬೇಕು. ಅದರ ಮೇಲೆ, ನಮ್ಮ ಕಂದು ಕಣ್ಣಿನ ಬಣ್ಣದ ಕಣಗಳಿಗೆ ಅಟ್ರೋಪಿನ್ ಅಂಟಿಕೊಳ್ಳುತ್ತದೆ. ಹಾಗಾಗಿ ಹತ್ತುವುದೂ ತಡ, ಇಳಿಯುವುದೂ ತಡ. ಒಂದೆರಡು ವಾರ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಅದಕ್ಕೆ ಹೆದರಬೇಡಿ.

ಆದರೆ ಮುಖ ಕೆಂಪಾಗಿ ಜ್ವರ ಬಂದಂತೆ ಮೈ ಸುಡುತ್ತಿದ್ದರೆ, ಮಗು ಏನೇನೋ ಬಡಬಡಿಸಿದರೆ ಹಚ್ಚುವುದು ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತೋರಿಸಿ. ಶಿವನಿಗೆ ಏರಿಸುವ ಉಮ್ಮತ್ತಿ ಕಾಯಿಯಲ್ಲಿ ಇರುವುದೂ ಇದೇ ಜಾತಿಯ ವಿಷ. ಹಚ್ಚಿದ ಮೇಲೆ ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ, ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಕೈ ತೊಳೆಯಿರಿ. ಟ್ಯೂಬು ಮಕ್ಕಳ ಕೈಗೆ ಸಿಗಬಾರದು.

ಲಕ್ಷ್ಮೇಶ್ವರದ ಕಡೆಯ ಒಬ್ಬ ಅಜ್ಜ ಐದು ವರ್ಷದ ಮೊಮ್ಮಗಳನ್ನು ಹೀಗೇ ಮರುದಿನ ಕರೆತಂದಿದ್ದರು. ಮೆಳ್ಳೆಗಣ್ಣು. ಅವರ ಒತ್ತಾಯಕ್ಕೆ ನೋಡಿದೆ, ಪ್ಲಸ್ 2 ಬಂತು. ಕನ್ನಡಕ ಬರೆಯಲಿಲ್ಲ. ಮೂರು ದಿನ ಪೂರ್ತಿ ಹಚ್ಚಿ ತಂದಾಗ ಪ್ಲಸ್ 5.

"ಮುಲಾಮಿನಿಂದ ನಂಬರ್ ಏರಿತೇನ್ರಿ?" ಅಜ್ಜನ ಕೈ ನಡುಗುತ್ತಿತ್ತು.

"ಇಲ್ಲ ಅಜ್ಜಾರ, ಮೊದಲಿಂದ ಇಷ್ಟೇ ಇತ್ರಿ. ಕೂಸು ಕಣ್ಣಿಗೆ ತ್ರಾಸ ಕೊಟ್ಟು ಮುಚ್ಚಿಟ್ಟಿತ್ತು. ಆ ತ್ರಾಸಿಗೇ ಕಣ್ಣು ಒಳಗೆ ಎಳೀತಿತ್ತು."

ಎಲ್ಲ ಮೆಳ್ಳೆಗಣ್ಣೂ ಕನ್ನಡಕದಿಂದಲೇ ಸರಿಹೋಗುವುದಿಲ್ಲ. ಇವಳದು ಸರಿಹೋಯಿತು. ಎರಡು ತಿಂಗಳ ನಂತರ ಬಂದಾಗ ಕನ್ನಡಕದ ಹಿಂದೆ ಎರಡೂ ಕಣ್ಣು ನೇರವಾಗಿದ್ದವು.