ಬಂದ್ ಮಾಡಿದ್ದು ನಾನಲ್ಲ ಸರ, ಮೊದಲು ಪೂರ್ತಿ ಫೋಟೊ ಕಳಿಸಿ

ಕಾಲೇಜಿನ ಲ್ಯಾಬ್‌ಗಳು ತೆರೆಯುವ ಹೊತ್ತಿಗೆ ಸರಿಯಾಗಿ ನನ್ನ ವಾಟ್ಸ್‌ಆ್ಯಪ್‌ಗೆ ಫೋಟೊಗಳು ಬರಲು ಶುರುವಾಗುತ್ತವೆ. ಎಲ್ಲವೂ ಕಂಪ್ಯೂಟರ್ ಪರದೆಯವು. ಮೇಲೆ ದಪ್ಪ ಅಕ್ಷರದಲ್ಲಿ ‘ಆ್ಯಕ್ಸೆಸ್ ಬ್ಲಾಕ್ಡ್’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೈಟಿನ ವಿಳಾಸ, ಅದರ ಕೆಟಗರಿ ಎರಡೂ ಇರುತ್ತವೆ. ಫೋಟೊದಲ್ಲಿ ಮಾತ್ರ ಅವೆರಡೇ ಇರುವುದಿಲ್ಲ. ಅರ್ಧಕ್ಕೆ ಟ್ಯೂಬ್‌ಲೈಟಿನ ಬೆಳಕು ಹೊಡೆದಿರುತ್ತದೆ, ಉಳಿದರ್ಧಕ್ಕೆ ಫೋಟೊ ತೆಗೆದವರ ಹೆಬ್ಬೆರಳು. ಬೆನ್ನಿಗೇ ಫೋನು: ‘ಯಾಕ್ ಬಂದ್ ಮಾಡೀರಿ ಸರ? ಪಾಠದ ಸೈಟ್ ಅದ ಅದು. ಹೊಲಸೇನಿಲ್ಲ ಅದರಾಗ.’

ಹೊಲಸಿದೆ ಅಂತ ನಾನೆಲ್ಲಿ ಅಂದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆ-ಕಾಲೇಜು, ಸಹಕಾರಿ ಬ್ಯಾಂಕು, ಬೇಳೆ ಮಿಲ್ಲುಗಳ ಕಚೇರಿಗೆ ಫೈರ್‌ವಾಲ್ ಕೂಡಿಸಿ ನೋಡಿಕೊಳ್ಳುವುದು ನನ್ನ ಉದ್ಯೋಗ. ಫೈರ್‌ವಾಲ್ ಅಂದರೆ ನಿಮ್ಮ ಕಂಪ್ಯೂಟರುಗಳಿಗೂ ಇಂಟರ್ನೆಟ್ಟಿಗೂ ನಡುವೆ ಕೂತು ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಕಾಯುವ ಪೆಟ್ಟಿಗೆ, ಅದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತ ಕೂಡುವುದಿಲ್ಲ. ಇಷ್ಟು ಮಾತ್ರ ತಿಳಿದುಕೊಳ್ಳಿ, ನನ್ನ ಅರ್ಧ ತ್ರಾಸ ತಪ್ಪುತ್ತದೆ: ಸೈಟಿಗೆ ಕೆಟಗರಿ ಹಚ್ಚುವವರು ಬೇರೆ, ಆ ಕೆಟಗರಿಯನ್ನು ಬಂದ್ ಇಡುವವರು ಬೇರೆ.

ಕೆಟಗರಿ ಹಚ್ಚುವುದು ಫೈರ್‌ವಾಲ್ ಮಾರುವ ಕಂಪನಿ. ಫೋರ್ಟಿನೆಟ್, ಪಾಲೊ ಆಲ್ಟೊ, ಸಿಸ್ಕೊ, ಸೋಫೋಸ್, ಒಬ್ಬೊಬ್ಬರದು ಒಂದೊಂದು ಪಟ್ಟಿ. ಅವರ ಯಂತ್ರಗಳು ಸೈಟುಗಳನ್ನು ಜಾಲಾಡಿ ಇದು ಶಿಕ್ಷಣ, ಇದು ಆಟ, ಇದು ಜೂಜು, ಇದು ಅಪಾಯ ಅಂತ ವಿಂಗಡಿಸುತ್ತವೆ. ತಕರಾರು ಬಂದರೆ ಅಲ್ಲಿಯ ಸಿಬ್ಬಂದಿ ಮತ್ತೊಮ್ಮೆ ನೋಡುತ್ತಾರೆ. ನಿಮ್ಮ ಸರ್ವರ್ ಕೋಣೆಯಲ್ಲಿ ಗುಂಯ್‌ಗುಡುವ ಪೆಟ್ಟಿಗೆ ನಿಮ್ಮ ಪುಟವನ್ನು ಓದಿ ತೀರ್ಪು ಕೊಡುವುದಿಲ್ಲ. ‘ಈ ಹೆಸರು ಯಾವ ಕೆಟಗರಿ?’ ಎಂದು ಕಂಪನಿಯ ಪಟ್ಟಿಯನ್ನು ಕೇಳುತ್ತದೆ. ಉತ್ತರ ಬಂದ ಮೇಲೆ ಇನ್ನೊಂದು ಕಾಗದ ನೋಡುತ್ತದೆ: ಈ ಕೆಟಗರಿ ಬಿಡಬೇಕೋ ಬಂದ್ ಮಾಡಬೇಕೋ. ಆ ಎರಡನೇ ಕಾಗದಕ್ಕೆ ಸಹಿ ಹಾಕಿದವರು ನಿಮ್ಮ ಪ್ರಾಂಶುಪಾಲರು, ಇಲ್ಲವೇ ನಿಮ್ಮ ಮ್ಯಾನೇಜರ್ ಸಾಹೇಬರು.

ಖರೀದಿ ಕೇಂದ್ರದಲ್ಲಿ ತೊಗರಿಯನ್ನು ಅಂಗೈಗೆ ಹಾಕಿಕೊಂಡು ಗುಣಮಟ್ಟ ಹೇಳುವವನೊಬ್ಬ, ಬೆಂಬಲ ಬೆಲೆ ನಿಗದಿ ಮಾಡಿದವರು ದಿಲ್ಲಿಯವರು. ಬೆಲೆಯ ಜಗಳ ಅಂಗೈ ನೋಡುವವನ ಹತ್ತಿರ ಆಡಿದರೆ ಏನು ಬಂತು?

ಒಂದು ಕಾಲೇಜಿನ ಕನ್ನಡದ ಮೇಡಂ ನನ್ನ ಮೇಲೆ ಬಹಳ ದಿನ ಸಿಟ್ಟಾಗಿದ್ದರು. ಗೂಗಲ್‌ನವರ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಛಂದಸ್ಸಿನ ಟಿಪ್ಪಣಿ ಬರೆದಿಟ್ಟಿದ್ದರು, ಒಳ್ಳೆಯ ಟಿಪ್ಪಣಿ. ಮಕ್ಕಳು ಲ್ಯಾಬ್‌ನಲ್ಲಿ ತೆರೆಯಹೋದರೆ ಬಂದ್. ಅವರ ಬರಹಕ್ಕೆ ನಾನೇ ಕೆಟ್ಟದ್ದು ಅಂತ ಮುದ್ರೆ ಒತ್ತಿದ್ದೇನೆ ಅಂತ ಅವರ ಭಾವನೆ. ಹೋಗಿ ನೋಡಿದರೆ ಕೆಟಗರಿ ‘ಪರ್ಸನಲ್ ವೆಬ್‌ಸೈಟ್ಸ್ ಅಂಡ್ ಬ್ಲಾಗ್ಸ್’. ಬ್ಲಾಗಿಗೆ ಬ್ಲಾಗು ಎಂದಿದ್ದಾರೆ, ಅದರಲ್ಲಿ ತಪ್ಪೇನು? ಆ ಕೆಟಗರಿಯನ್ನು ಇಡಿಯಾಗಿ ಬಂದ್ ಇಡಿ ಅಂತ ಬರೆದುಕೊಟ್ಟದ್ದು ಅವರದೇ ಆಡಳಿತ ಮಂಡಳಿ. ಇಲ್ಲಿ ಕಂಪನಿಗೆ ಅರ್ಜಿ ಹಾಕಿ ಉಪಯೋಗವಿಲ್ಲ. ಪ್ರಾಂಶುಪಾಲರಿಂದ ಒಂದು ಸಾಲಿನ ಪತ್ರ ತಂದರೆ ಆ ಒಂದು ಹೆಸರಿಗೆ ದಾರಿ ಬಿಡಬಹುದು. ಬ್ಲಾಗರ್‌ನಲ್ಲಿ ಪ್ರತಿ ಬ್ಲಾಗಿಗೂ ತನ್ನದೇ ಹೆಸರಿರುವುದರಿಂದ ಇದು ಸಲೀಸು.

ಬೀದರಿನ ಬಿದರಿ ಕೆಲಸದ ಅಂಗಡಿಯೊಂದರ ಕಥೆ ಇದಕ್ಕೆ ಉಲ್ಟಾ. ಹೊಸ ಸೈಟು ಮಾಡಿಸಿ, ಹೂಜಿ, ತಟ್ಟೆಗಳ ಚಿತ್ರ ಹಾಕಿ, ಪರಿಚಯದ ಕಚೇರಿಗಳಿಗೆಲ್ಲ ಲಿಂಕ್ ಕಳಿಸಿದ್ದರು. ಎಲ್ಲಿಯೂ ತೆರೆಯಲಿಲ್ಲ. ಪಾಪ, ಸೈಟು ಮಾಡಿಕೊಟ್ಟ ಹುಡುಗನಿಗೆ ಬಾಯಿಗೆ ಬಂದಂತೆ ಬೈದರು. ಆಗಿದ್ದಿಷ್ಟು: ಡೊಮೇನ್, ಅಂದರೆ ಸೈಟಿನ ಹೆಸರು, ಆಗಷ್ಟೇ ಖರೀದಿಸಿದ್ದು. ಮೋಸಗಾರರು ದಿನಬೆಳಗಾದರೆ ಹೊಸ ಡೊಮೇನ್ ಕೊಂಡು ಬಳಸಿ ಬಿಸಾಡುವುದರಿಂದ ಬಹುತೇಕ ಕಂಪನಿಗಳು ಹೊಸ ಹೆಸರಿಗೆ ಪ್ರತ್ಯೇಕ ಕೆಟಗರಿ ಇಟ್ಟಿವೆ. ಪಾಲೊ ಆಲ್ಟೊದವರ ಲೆಕ್ಕದಲ್ಲಿ ನೋಂದಣಿಯಾಗಿ 32 ದಿನದೊಳಗಿನದು ‘ಹೊಸದು’. ಜಾಗರೂಕ ಕಚೇರಿಗಳು ಇದನ್ನು ಬಂದ್ ಇಡುತ್ತವೆ, ಇಡಲಿ. ಹಾಗಾಗಿ ಉದ್ಘಾಟನೆಯ ದಿನ ಡೊಮೇನ್ ಕೊಳ್ಳಬೇಡಿ. ಒಂದೆರಡು ತಿಂಗಳು ಮೊದಲೇ ಕೊಂಡು, ನಾಲ್ಕು ಪುಟ ಹಾಕಿ ಬಿಡಿ. ಬರೀ ಕನ್ನಡದಲ್ಲಿರುವ ಸಣ್ಣ ಸೈಟುಗಳು ‘ಅನ್‌ರೇಟೆಡ್’, ಅಂದರೆ ಯಾವ ಕೆಟಗರಿಯೂ ಹಚ್ಚದ್ದು, ಅಂತ ಉಳಿದುಬಿಡುವುದನ್ನೂ ನಾನು ಕಂಡಿದ್ದೇನೆ. ಎರಡು ಸಾಲು ಇಂಗ್ಲಿಷ್ ಪರಿಚಯ ಹಾಕಿದರೆ ನಷ್ಟವಿಲ್ಲ.

ಇನ್ನು ಎಲ್ಲರೂ ಕೇಳುವ ಬೇಡಿಕೆ: ‘ಯೂಟ್ಯೂಬ್ ಬಂದ್ ಇರ್ಲಿ, ನಮ್ಮ ಸರ್ ವಿಡಿಯೊ ಒಂದ್ ಬಿಡ್ರಿ.’ ಆಗುವುದಿಲ್ಲ ಅನ್ನಲಾರೆ, ಸುಲಭಕ್ಕೆ ಆಗುವುದಿಲ್ಲ. ಇವತ್ತು ಬಹುತೇಕ ಸೈಟುಗಳು ಎಚ್‌ಟಿಟಿಪಿಎಸ್, ಅಂದರೆ ಸೈಟಿಗೂ ನಿಮ್ಮ ಕಂಪ್ಯೂಟರಿಗೂ ನಡುವಿನ ಮಾತು ಗೂಢಲಿಪಿಯಲ್ಲಿ. ಸಾಮಾನ್ಯ ಜೋಡಣೆಯಲ್ಲಿ ಪೆಟ್ಟಿಗೆಗೆ ಕಾಣುವುದು ಸೈಟಿನ ಹೆಸರು ಮಾತ್ರ. ಹೆಸರಿನ ಮುಂದೆ ಗೀಟು ಎಳೆದು ಬರುವ ಪುಟದ ವಿಳಾಸ, ವಿಡಿಯೊ ಯಾವುದು ಎಂಬುದು ಗೂಢಲಿಪಿಯೊಳಗೆ ಅಡಗಿರುತ್ತದೆ. ಗೂಗಲ್ ಸೈಟ್ಸ್‌ನಲ್ಲಿ ಪಾಠ ಹಾಕುವ ಶಿಕ್ಷಕರಿಗೂ ಇದೇ ಪಜೀತಿ: ಅಲ್ಲಿ ಎಲ್ಲರ ಪುಟಗಳೂ ಒಂದೇ ಹೆಸರಿನಡಿ ಇರುವುದರಿಂದ ಬಿಟ್ಟರೆ ಎಲ್ಲ, ಬಂದ್ ಮಾಡಿದರೆ ಎಲ್ಲ. ಒಳಗೆ ಇಣುಕಲೇಬೇಕೆಂದರೆ ಪ್ರತಿ ಕಂಪ್ಯೂಟರಿಗೂ ಫೈರ್‌ವಾಲ್‌ನ ಸರ್ಟಿಫಿಕೇಟ್, ಅಂದರೆ ಗೂಢಲಿಪಿ ಬಿಚ್ಚುವ ಪೆಟ್ಟಿಗೆಯನ್ನು ಕಂಪ್ಯೂಟರು ನಂಬುವಂತೆ ಮಾಡುವ ಗುರುತುಪತ್ರ, ಹಾಕಬೇಕು. ಲ್ಯಾಬಿನ ಕಂಪ್ಯೂಟರಿಗೆ ಹಾಕಬಹುದು. ಮಕ್ಕಳ ಮೊಬೈಲಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಕಿದಲ್ಲಿಯೂ ಬ್ಯಾಂಕು, ಆಸ್ಪತ್ರೆಯ ಸೈಟುಗಳನ್ನು ಇಣುಕುವುದರಿಂದ ಹೊರಗಿಡಬೇಕು. ಶಾಲೆಗೆ ಯೂಟ್ಯೂಬ್ ಬೇಕೇ ಬೇಕೆಂದರೆ ಅದರದೇ ನಿರ್ಬಂಧಿತ ಮೋಡ್ ಇದೆ, ಇಡೀ ಕಟ್ಟಡಕ್ಕೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೂಲಕ ಹಚ್ಚಬಹುದು. ಕಮೆಂಟುಗಳೂ ಕಾಣುವುದಿಲ್ಲ, ಅದೊಂದು ಪುಣ್ಯ. ಆದರೆ ಯಾವ ವಿಡಿಯೊ ಮರೆಮಾಡಬೇಕು ಎಂಬುದು ಅಲ್ಲಿಯೂ ಯೂಟ್ಯೂಬಿನವರದೇ ತೀರ್ಮಾನ, ನಿಮ್ಮದಲ್ಲ, ನನ್ನದಂತೂ ಅಲ್ಲ.

‘ಹೊಲಸು ಪದ ಬಂದ್ರ ತಾನೇ ಬಂದ್ ಆಗೋ ಹಂಗ ಮಾಡ್ರಿ’ ಎನ್ನುವ ಕಾರ್ಯದರ್ಶಿಗಳೂ ಇದ್ದಾರೆ. ಅದರ ಗತಿ ಕೇಳಿ: 1996ರಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್‌ನ ಪದ ಸೋಸುವ ಜರಡಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ, ಊರಿನ ಹೆಸರಿನ ನಡುವೆ ಒಂದು ಬೈಗುಳ ಅಡಗಿತ್ತು ಅಂತ. ಅಂಥದ್ದನ್ನು ಹಚ್ಚಿದರೆ ನಮ್ಮಲ್ಲಿ ಮೊದಲು ಬಂದ್ ಆಗುವುದು ಜೀವಶಾಸ್ತ್ರದ ಪಾಠ.

ದೂರಸಂಪರ್ಕ ಇಲಾಖೆಯ ಹೆಸರು ಹೇಳುವ ಪರದೆ ಬಂದರೆ ಅದು ಬೇರೆಯೇ ವಿಷಯ. ಸೈಟು ತಡೆಯಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂ ಇಲ್ಲವೇ ಕೋರ್ಟಿನ ಆದೇಶದ ಮೇಲೆ ಇಂಟರ್ನೆಟ್ ಕೊಡುವ ಕಂಪನಿಯೇ ಹಾಕಿದ ಬೀಗ ಅದು. ನನಗೆ ಫೋನು ಮಾಡಬೇಡಿ.

ಹಾಗಂತ ಬಂದ್ ಆದದ್ದೆಲ್ಲ ತಪ್ಪು ಬಂದ್ ಅಂತಲ್ಲ. ಬೇಳೆ ಮಿಲ್ಲಿನ ಮಾಲೀಕರೊಬ್ಬರು ‘ನಮ್ಮದು ಬರೇ ತೊಗರಿ ಬ್ಯಾಳಿ ಸರ, ಅದಕ್ಕೇನ್ ಅಪಾಯ ಅಂತಾರ ಇವರು’ ಎಂದು ಪಟ್ಟು ಹಿಡಿದರು. ಕೆಟಗರಿ ಅಪಾಯಕಾರಿ ಎಂದಿತ್ತು. ಸೈಟು ತೆರೆದರೆ ಬೇಳೆಯೇ ಕಾಣುತ್ತಿತ್ತು. ಗೂಗಲ್‌ನಲ್ಲಿ ಆ ಸೈಟಿನ ಹೆಸರು ಹಾಕಿ ಹುಡುಕಿದಾಗ ಬಂದದ್ದು ಸಾಲುಸಾಲು ಆನ್‌ಲೈನ್ ಜೂಜಿನ ಪುಟಗಳು. ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಜೋಡಿಸಿದ್ದ ಹಳೆಯ ಪ್ಲಗಿನ್ (ಹೆಚ್ಚುವರಿ ತುಣುಕು) ಮೂಲಕ ಯಾರೋ ಒಳಗೆ ಸೇರಿಸಿದ್ದು, ಮಾಲೀಕರ ಕಣ್ಣಿಗೆ ಬೀಳದ ಹಾಗೆ. ಅವರ ಒತ್ತಾಯಕ್ಕೆ ಹೆಸರು ಬಿಟ್ಟಿದ್ದರೆ ಕಚೇರಿಯ ಅಷ್ಟೂ ಕಂಪ್ಯೂಟರಿಗೆ ದಾರಿ ತೆರೆದಂತಾಗುತ್ತಿತ್ತು. ಸ್ವಚ್ಛ ಮಾಡಿಸಿ, ಪಾಸ್‌ವರ್ಡ್ ಬದಲಿಸಿ, ಆಮೇಲೆ ಕಂಪನಿಯ ಪುಟದಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿಸಿದೆ. ಈ ಅರ್ಜಿಗೆ ಖರ್ಚಿಲ್ಲ, ಯಾರು ಬೇಕಾದರೂ ಹಾಕಬಹುದು. ಅವರ ಬ್ಯಾಂಕಿನಲ್ಲಿ ಬೇರೆ ಕಂಪನಿಯ ಫೈರ್‌ವಾಲ್ ಇತ್ತು, ಅದರ ಪಟ್ಟಿಯಲ್ಲಿಯೂ ಅದೇ ಕಳಂಕ. ಅಲ್ಲಿಗೂ ಇನ್ನೊಂದು ಅರ್ಜಿ.

ಅರ್ಜಿಯಲ್ಲಿ ‘ಯಾಕೆ ಬದಲಿಸಬೇಕು’ ಅಂತ ಒಂದು ಖಾನೆ ಇರುತ್ತದೆ. ಸೈಟು ಹ್ಯಾಕ್ ಆಗಿತ್ತು, ಸ್ವಚ್ಛ ಮಾಡಿದ್ದೇವೆ, ಇದು ಬೇಳೆ ವ್ಯಾಪಾರದ್ದು ಅಂದರೆ ಸಾಕು. ಮಾಲೀಕರು ತಾವೇ ಬರೆಯುತ್ತೇನೆಂದು ಕೂತರು. ಅಜ್ಜ ನಿಜಾಮರ ಕಾಲದಲ್ಲಿ ಎತ್ತಿನಗಾಡಿ ಮೇಲೆ ತೊಗರಿ ತರುತ್ತಿದ್ದದ್ದರಿಂದ ಹಿಡಿದು 2019ರಲ್ಲಿ ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕದ್ದರ ತನಕ ಬರೆದು, ಅಕ್ಷರಗಳ ಮಿತಿ ಮುಗಿಯಿತೆಂದು ಪುಟವೇ ತಡೆದ ಮೇಲೆ ನನ್ನ ಮುಖ ನೋಡಿದರು. ಹ್ಯಾಕ್ ಆದ ವಿಷಯ ಎಲ್ಲಿ ಬರೆದಿದ್ದೀರಿ ಅಂತ ಕೇಳಿದೆ. ‘ಅದ್ಯಾಕ್ರಿ, ಮಂದಿಗೆ ಗೊತ್ತಾಗ್ತದ’ ಅಂದರು.