ಮಂಗಳಕ್ಕೆ ಯಾರೂ ಹೋಗಿಲ್ಲ, ಕಲ್ಲು ಅಲ್ಲಿಯದೇ ಎಂದು ತಿಳಿದದ್ದು ಹೇಗೆ?

ಪ್ರಶ್ನೆ: ಕೆಲವು ಉಲ್ಕಾಶಿಲೆಗಳು ಮಂಗಳ ಗ್ರಹದಿಂದ ಬಂದವು ಎನ್ನುತ್ತಾರೆ. ಅಲ್ಲಿಂದ ಇನ್ನೂ ಯಾರೂ ಒಂದು ಚೂರು ಕಲ್ಲನ್ನೂ ತಂದಿಲ್ಲ, ಅಲ್ವಾ? ಮತ್ತೆ ಹೇಗೆ ಅಷ್ಟು ಖಚಿತವಾಗಿ ಹೇಳುತ್ತಾರೆ?

ಉತ್ತರ: ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ಗಾಳಿಯಿಂದ.

1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋ ತೂಕದ ಕಲ್ಲೊಂದು ಆಕಾಶದಿಂದ ಬಿತ್ತು. ಅದು ಜ್ವಾಲಾಮುಖಿಯ ಲಾವಾ ತಣಿದು ಆದಂಥ ಕಲ್ಲು. ಮುಂದೆ ವಯಸ್ಸು ಅಳೆದಾಗ ವಿಜ್ಞಾನಿಗಳು ತಬ್ಬಿಬ್ಬಾದರು. ಉಳಿದ ಉಲ್ಕಾಶಿಲೆಗಳು ಹೆಚ್ಚಾಗಿ 450 ಕೋಟಿ ವರ್ಷ ಹಳೆಯವು. ಇದಕ್ಕೆ 20 ಕೋಟಿ ವರ್ಷವೂ ಆಗಿಲ್ಲ ಎಂಬುದು ಇಂದು ಹೆಚ್ಚಿನವರು ಒಪ್ಪುವ ಲೆಕ್ಕ. ಸಣ್ಣ ಕ್ಷುದ್ರಗ್ರಹಗಳ ಒಡಲು ಎಂದೋ ತಣ್ಣಗಾಗಿದೆ. ಇಷ್ಟು ಈಚೆಗೆ ಲಾವಾ ಹರಿಯಬೇಕಾದರೆ ದೊಡ್ಡ ಗ್ರಹವೇ ಬೇಕು. ಅನುಮಾನ ಮಂಗಳದ ಮೇಲೆ ಬಿತ್ತು. ಆದರೆ ಅನುಮಾನ ಸಾಕ್ಷಿಯಾಗುವುದಿಲ್ಲ.

ಸಾಕ್ಷಿ ಸಿಕ್ಕಿದ್ದು ಅಂಟಾರ್ಕ್ಟಿಕಾದ ಹಿಮದಲ್ಲಿ. 1979-80ರ ಹುಡುಕಾಟದಲ್ಲಿ ಅಲ್ಲಿ ಶೇರ್‌ಘಾಟಿ ಜಾತಿಯದೇ ಕಲ್ಲೊಂದು ದೊರೆಯಿತು. ಅದರಲ್ಲಿ ಕಪ್ಪು ಗಾಜಿನ ಚುಕ್ಕೆಗಳಿದ್ದವು. ಮಂಗಳಕ್ಕೆ ಏನೋ ದೊಡ್ಡದು ಬಡಿದಾಗ ಕಲ್ಲು ಅಲ್ಲಲ್ಲಿ ಕರಗಿ ಗಾಜಾಗಿತ್ತು, ಸುತ್ತಲಿನ ಗಾಳಿ ಅದರೊಳಗೇ ಉಳಿದುಬಿಟ್ಟಿತ್ತು. ಲ್ಯಾಬಿನಲ್ಲಿ ಕಾಯಿಸಿ ಆ ಗಾಳಿಯನ್ನು ಹೊರತೆಗೆದರು. ಆರ್ಗಾನ್, ಕ್ಸೆನಾನ್, ಸಾರಜನಕಗಳ ಪ್ರಮಾಣ ಭೂಮಿಯ ಗಾಳಿಗೆ ಹೊಂದಲಿಲ್ಲ. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ನೆಲದಲ್ಲೇ ನಿಂತು ಅಳೆದಿದ್ದ ಗಾಳಿಗೆ ಹೊಂದಿತು! ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಪತ್ತೇದಾರಿಕೆ ಇದು. ಮಂಗಳದ ಉಲ್ಕಾಶಿಲೆಗಳ ಅತಿ ದೊಡ್ಡ ಗುಂಪನ್ನು ಇಂದಿಗೂ ಬಿಹಾರದ ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ: ಶೆರ್ಗೊಟೈಟ್.

ಚಂದ್ರನ ಕಲ್ಲುಗಳ ಗುರುತು ಇಷ್ಟು ಕಷ್ಟವಲ್ಲ. ಅಪೊಲೊ ಯಾತ್ರಿಗಳು ತಂದ ಕಲ್ಲುಗಳ ಪಕ್ಕ ಇಟ್ಟು ನೋಡಿದರೆ ಆಯಿತು.

ಮಂಗಳ, ಚಂದ್ರರ ಕಲ್ಲುಗಳು ತೀರಾ ಅಪರೂಪ. ಭೂಮಿಗೆ ಬೀಳುವ ಬಹುಪಾಲು ಉಲ್ಕಾಶಿಲೆಗಳು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯವು. ಕಬ್ಬಿಣದವು ಹೆಚ್ಚಾಗಿ ಒಡೆದುಹೋದ ಪುಟ್ಟ ಲೋಕಗಳ ನಡುತಿರುಳು. ಕಬ್ಬಿಣ, ಕಲ್ಲು ಬೆರೆತವೂ ಕೆಲವಿವೆ. ಆದರೆ ಜಾಸ್ತಿ ಬೀಳುವುದು ಕಾಂಡ್ರೈಟ್ ಎಂಬ ಕಲ್ಲು. ಇವು ಕ್ಷುದ್ರಗ್ರಹದವೇ ಎಂಬುದಕ್ಕೆ ನೇರ ಪುರಾವೆಯೂ ಇದೆ. ಜಪಾನಿನ ಹಯಬುಸಾ ನೌಕೆ 2010ರಲ್ಲಿ ಇಟೊಕಾವಾ ಎಂಬ ಕ್ಷುದ್ರಗ್ರಹದ ದೂಳನ್ನು ಭೂಮಿಗೆ ತಂದಿತು. ಪರೀಕ್ಷಿಸಿ ನೋಡಿದರೆ ಅದು ಸಾಮಾನ್ಯ ಕಾಂಡ್ರೈಟ್‌ಗಳ ಜಾತಿಯದೇ ಆಗಿತ್ತು.